ಬಚ್ಚಲ ನೀರು ಚರಂಡಿಗೇಕೆ?

ಮಕ್ಕಳೇ, ಇಂದು ಬೆಳಿಗ್ಗೆ ನೀವು ಸ್ನಾನ ಮಾಡಿದಾಗ ಮೈಮೇಲೆ ಸುರಿದುಕೊಂಡ ನೀರು ಬಚ್ಚಲಿನಿಂದ ಹೊರಗೆ ಹರಿದು ಹೋಯಿತಲ್ಲವೇ? ಆಮೇಲೆ ಅದು ಎಲ್ಲಿಗೆ ಹೋಯಿತು? ಮನೆಯ ಹಿಂದೆ ಹೋಗಿ ಎಂದಾದರೂ ನೋಡಿದ್ದೀರಾ?

ಜಿಲ್ಲೆಯ ಶಾಲೆಗಳಿಗೆ ಹೋದಾಗಲೆಲ್ಲ ನಾನು ಈ ಪ್ರಶ್ನೆ ಕೇಳುವುದುಂಟು. "ಚರಂಡಿಗೆ ಸಾರ್" ಎನ್ನುವವರೇ ಹೆಚ್ಚು. "ರಸ್ತೆಗೆ ಸಾರ್" ಎಂದು ಹೇಳಿ ನಾಲಿಗೆ ಕಚ್ಚಿಕೊಳ್ಳುವವರೂ ಇದ್ದಾರೆ. "ಬಾಳೆಗಿಡಕ್ಕೆ ಸಾರ್" ಎನ್ನುವವರು ತರಗತಿಗೆ ನಾಲ್ಕೈದು ಮಂದಿ ಸಿಕ್ಕರೆ ಹೆಚ್ಚು. ಆ ನಾಲ್ಕೈದು ಮನೆಯವರು ಮಾಡುತ್ತಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಹಿತ್ತಲಿರುವ ಮನೆಯಲ್ಲಿ ಬಚ್ಚಲ ನೀರಿನ ಮೇಲೆ ಮೊದಲ ಹಕ್ಕು ಗಿಡದ್ದು, ಚರಂಡಿಯದು ಆಮೇಲೆ. ಇದನ್ನು ಒಪ್ಪದ ದೊಡ್ಡವರು ಬಹಳ ಜನ ಇದ್ದಾರೆ. ಅವರ ಮಾತಿನಲ್ಲೂ ಒಂದಷ್ಟು ಸತ್ಯವಿದೆ. ಆದ್ದರಿಂದ ಎರಡೂ ಕಡೆಯ ಮಾತನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ಲೆಕ್ಕ ಮಾಡೋಣ, ಪೆನ್ಸಿಲ್ ತೆಗೆದುಕೊಳ್ಳಿ. ಒಂದು ಮನೆಯಲ್ಲಿ ಐದು ಜನ. ಒಬ್ಬರ ಸ್ನಾನಕ್ಕೆ 20 ಲೀಟರ್, ಅಂದರೆ ಒಂದು ದೊಡ್ಡ ಬಕೆಟ್ ನೀರು ಎಂದುಕೊಳ್ಳಿ. ದಿನಕ್ಕೆ 100 ಲೀಟರ್ ಆಯಿತು. ವರ್ಷಕ್ಕೆ 36,500 ಲೀಟರ್. ಈಗ ಆ ಮನೆಗೆ 10 ಮೀಟರ್ ಉದ್ದ, 6 ಮೀಟರ್ ಅಗಲದ ಹಿತ್ತಲು ಇದೆ ಎಂದು ಭಾವಿಸಿ. ಅದರ ವಿಸ್ತೀರ್ಣ 60 ಚದರ ಮೀಟರ್. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. 36,500 ಲೀಟರನ್ನು 60ರಿಂದ ಭಾಗಿಸಿ ನೋಡಿ. ಸುಮಾರು 608 ಬರುತ್ತದೆ. ಹಾಗೆಂದರೆ ಈ ಮನೆಯವರ ಸ್ನಾನದ ನೀರೆಲ್ಲ ಹಿತ್ತಲಿಗೆ ಹೋದರೆ, ಆ ಹಿತ್ತಲಿಗೆ ವರ್ಷಕ್ಕೆ 608 ಮಿಲಿಮೀಟರ್ ಮಳೆ ಹೆಚ್ಚಿಗೆ ಸುರಿದಂತೆ.

608 ಮಿಲಿಮೀಟರ್ ಎಂದರೆ ಎಷ್ಟು ಗೊತ್ತೇ? ಚಿತ್ರದುರ್ಗ, ಬಳ್ಳಾರಿ ಕಡೆಯ ಅನೇಕ ತಾಲ್ಲೂಕುಗಳಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆಯೇ ಸುಮಾರು 500ರಿಂದ 600 ಮಿಲಿಮೀಟರ್. ನಾವು ದಿನಾ ಬೆಳಿಗ್ಗೆ ಒಂದು ಮಳೆಗಾಲವನ್ನೇ ಸ್ವಲ್ಪ ಸ್ವಲ್ಪವಾಗಿ ಮೋರಿಗೆ ಬಿಡುತ್ತಿದ್ದೇವೆ. ಮೋಡದ ಮಳೆ ಕೈಕೊಡಬಹುದು, ಬಚ್ಚಲಿನ ಮಳೆಗೆ ರಜೆ ಇಲ್ಲ. 2023ರಲ್ಲಿ ನಮ್ಮ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತ್ತು. ಆ ವರ್ಷವೂ ಜನ ಸ್ನಾನ ಮಾಡಿದರು, ಆ ನೀರೂ ಹೊರಗೆ ಹರಿಯಿತು.

ಹಳ್ಳಿಗಳಿಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ ಯೋಜನೆ 2019ರಲ್ಲಿ ಆರಂಭವಾಯಿತು. ನಮ್ಮಲ್ಲಿ ಅದನ್ನು 'ಮನೆ ಮನೆಗೆ ಗಂಗೆ' ಎಂದು ಕರೆದರು. ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂಬುದು ಅದರ ಲೆಕ್ಕ. ಐದು ಜನರ ಮನೆಗೆ 275 ಲೀಟರ್. ಕುಡಿಯಲು, ಅಡುಗೆಗೆ ಖರ್ಚಾಗುವುದು ಅದರಲ್ಲಿ ಸ್ವಲ್ಪವೇ. ಉಳಿದದ್ದೆಲ್ಲ ಬಳಸಿದ ನೀರಾಗಿ ಹೊರಗೆ ಬರಲೇಬೇಕು. ಒಳಗೆ ಬರುವ ಗಂಗೆಯ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಹೊರಗೆ ಹೋಗುವ ಗಂಗೆಯ ಬಗ್ಗೆ ಮಾತು ಕಡಿಮೆ. ಇನ್ನು ನಲ್ಲಿ ಬಾರದ ಓಣಿಗಳಲ್ಲಿ ಈ ನೀರು ಯಾರದೋ ಸೊಂಟದ ಮೇಲೆ, ತಲೆಯ ಮೇಲೆ ಕೊಡದಲ್ಲಿ ಬಂದದ್ದು. ಆ ಯಾರೋ ಸಾಮಾನ್ಯವಾಗಿ ನಿಮ್ಮ ಅವ್ವ ಅಥವಾ ಅಕ್ಕ. ಅಷ್ಟು ಕಷ್ಟಪಟ್ಟು ತಂದ ನೀರನ್ನು ಒಂದೇ ಸಲ ಬಳಸಿ ಬಿಟ್ಟುಬಿಡುವುದು ಯಾವ ನ್ಯಾಯ?

ಗಿಡಕ್ಕೆ ಬಚ್ಚಲ ನೀರು ಬಿಡುವುದು ಹೊಸ ವಿಷಯವೇನಲ್ಲ. ಬಯಲುಸೀಮೆಯ ಹಳೆಯ ಮನೆಗಳಲ್ಲಿ ಬಚ್ಚಲ ಹಿಂದೆ ಬಾಳೆ, ಅದರ ಪಕ್ಕದಲ್ಲಿ ಕರಿಬೇವು ಇರುತ್ತಿದ್ದವು. ಮಲೆನಾಡು, ಕರಾವಳಿಯಲ್ಲಿ ಕೆಸು ಇರುತ್ತಿತ್ತು. ಪತ್ರೊಡೆ ತಿಂದವರಿಗೆ ಕೆಸುವಿನ ಎಲೆಯ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ. (ಹಸಿ ಕೆಸು ಗಂಟಲು ತುರಿಸುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಅದಕ್ಕೆ ಕಾರಣ. ಹುಣಸೆಹಣ್ಣು ಹಾಕಿ ಚೆನ್ನಾಗಿ ಬೇಯಿಸುವುದು ಇದಕ್ಕಾಗಿಯೇ.) ಈ ಗಿಡಗಳನ್ನೇ ಅಲ್ಲಿ ಏಕೆ ನೆಟ್ಟರು? ಬಾಳೆ, ಕೆಸು ಎರಡಕ್ಕೂ ಅಗಲವಾದ ಎಲೆಗಳಿವೆ. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೋಗುವುದನ್ನು ಬಾಷ್ಪವಿಸರ್ಜನೆ ಎನ್ನುತ್ತಾರೆಂದು ನೀವು ಓದಿದ್ದೀರಿ. ಎಲೆ ದೊಡ್ಡದಾದಷ್ಟೂ ಆವಿಯಾಗುವ ನೀರು ಹೆಚ್ಚು, ಬೇರು ಹೀರುವ ನೀರೂ ಹೆಚ್ಚು. ಬೇಸಿಗೆಯಲ್ಲಿ ಒಂದು ಬೆಳೆದ ಬಾಳೆಗಿಡಕ್ಕೆ ದಿನಕ್ಕೆ ಸುಮಾರು 15ರಿಂದ 20 ಲೀಟರ್ ನೀರು ಬೇಕು. ನಮ್ಮ ಲೆಕ್ಕದ ಮನೆಯ 100 ಲೀಟರಿಗೆ ಐದು ಬಾಳೆಗಿಡ ಸಾಕು, ಒಂದು ಹನಿಯೂ ರಸ್ತೆಗೆ ಬರುವುದಿಲ್ಲ.

ಕೆಸುವಿನ ಎಲೆಯ ದಂಟನ್ನು ಅಡ್ಡ ಕತ್ತರಿಸಿ ನೋಡಿ. ಒಳಗೆ ಜೇನುಗೂಡಿನಂತೆ ಸಣ್ಣ ಸಣ್ಣ ರಂಧ್ರಗಳು ಕಾಣುತ್ತವೆ. ಅವು ಗಾಳಿಯ ದಾರಿಗಳು. ಕೆಸರಿನಲ್ಲಿ ನಿಂತ ಬೇರಿಗೆ ಆಮ್ಲಜನಕ ಹೋಗುವುದು ಹೀಗೆ. ಬೇರೂ ಉಸಿರಾಡುತ್ತದೆ ಎಂಬುದನ್ನು ನಾವು ಮರೆತೇಬಿಡುತ್ತೇವೆ. ಮಣ್ಣಿನ ಕಣಗಳ ನಡುವಿನ ಜಾಗದಲ್ಲೆಲ್ಲ ನೀರೇ ತುಂಬಿದರೆ ಗಾಳಿಗೆ ಜಾಗವಿಲ್ಲ. ಕೆಸು ಅದನ್ನು ತಡೆದುಕೊಳ್ಳುತ್ತದೆ. ಬಾಳೆ, ಪಪ್ಪಾಯಿ, ಕರಿಬೇವು, ನುಗ್ಗೆ ತಡೆಯಲಾರವು. ಅವುಗಳ ಬೇರು ಕೊಳೆತು ಎಲೆ ಹಳದಿಯಾಗುತ್ತದೆ. "ಬಚ್ಚಲ ನೀರು ಹಾಕಿದ್ದಕ್ಕೆ ಗಿಡ ಸತ್ತಿತು" ಎನ್ನುವವರ ಹಿತ್ತಲಿಗೆ ಹೋಗಿ ನೋಡಿದರೆ, ಅನೇಕ ಸಲ ಕಾಣುವುದು ಇದೇ. ಎಲ್ಲ ನೀರೂ ದಿನವೂ ಒಂದೇ ಗಿಡದ ಬುಡದಲ್ಲಿ ನಿಂತಿರುತ್ತದೆ. ಕೊಂದದ್ದು ಸಾಬೂನಲ್ಲ, ಉಸಿರುಗಟ್ಟಿಸಿದ ನೀರು.

ಹಾಗೆಂದು ಸಾಬೂನಿನ ಮಾತನ್ನು ತಳ್ಳಿಹಾಕುವಂತಿಲ್ಲ. ನನ್ನ ವಾದಕ್ಕೆ ಬರುವ ಆಕ್ಷೇಪಣೆಗಳಲ್ಲಿ ಇದೇ ಗಟ್ಟಿಯಾದದ್ದು. "ಅಜ್ಜಿಯ ಕಾಲದಲ್ಲಿ ನಡೆಯುತ್ತಿತ್ತು, ಈಗಿನ ನೀರಿನಲ್ಲಿ ಬರೀ ರಾಸಾಯನಿಕ" ಎನ್ನುತ್ತಾರೆ. ನಿಜ, ಅಜ್ಜಿಯ ಬಚ್ಚಲ ನೀರು ಬೇರೆ, ನಮ್ಮದು ಬೇರೆ. ಆಗ ತಲೆಗೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು ಹಚ್ಚುತ್ತಿದ್ದರು. ಪಾತ್ರೆಗೆ ಒಲೆಯ ಬೂದಿ, ಹುಣಸೆಹಣ್ಣು, ತೆಂಗಿನ ನಾರು. ಬೂದಿಯಲ್ಲಿ ಪೊಟ್ಯಾಸಿಯಂ ಇದೆ, ಅದು ಬಾಳೆಗೆ ಗೊಬ್ಬರವೇ ಸರಿ. ಈಗ ಸಾಬೂನು, ಶಾಂಪೂ, ಬಟ್ಟೆ ಒಗೆಯುವ ಪುಡಿ.

ಸಾಬೂನು ಎಂದರೆ ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿಸಿ ಮಾಡಿದ ವಸ್ತು. ಅದು ಮಣ್ಣಿಗೆ ಬಿದ್ದಾಗ ಎಣ್ಣೆಯಿಂದ ಬಂದ ಭಾಗವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆ. ಅವುಗಳಿಗೆ ಅದು ಆಹಾರ. ಒಂದು ಚಿಟಿಕೆ ಒಳ್ಳೆಯ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ಗಾಳಿ ಸಿಕ್ಕಿದರೆ ಅವು ಚುರುಕಾಗಿ ಕೆಲಸ ಮಾಡುತ್ತವೆ, ಸಿಗದಿದ್ದರೆ ನೀರು ಕಪ್ಪಾಗಿ ನಾರುತ್ತದೆ. ಚರಂಡಿ ನಾರುವುದಕ್ಕೂ ಒದ್ದೆ ಮಣ್ಣು ನಾರದಿರುವುದಕ್ಕೂ ಇದೇ ಕಾರಣ. ಹಾಗಾದರೆ ತೊಂದರೆ ಎಲ್ಲಿ? ಬ್ಯಾಕ್ಟೀರಿಯಾ ತಿನ್ನಲಾಗದ ಒಂದು ವಸ್ತು ಉಳಿದುಬಿಡುತ್ತದೆ. ಅದು ಸೋಡಿಯಂ. ಬಟ್ಟೆ ಒಗೆಯುವ ಪುಡಿಗಳಲ್ಲಿ ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡಾ ಬೇರೆ ಇರುತ್ತದೆ. ಸೋಡಿಯಂ ಮಣ್ಣಿನಲ್ಲಿ ಸೇರುತ್ತಾ ಹೋದರೆ ಜೇಡಿಕಣಗಳು ಒಂದನ್ನೊಂದು ಬಿಟ್ಟು ಚದುರುತ್ತವೆ. ಕಣಗಳ ನಡುವಿನ ಸಂದು ಮುಚ್ಚಿ, ಒಣಗಿದಾಗ ಮೇಲ್ಮಣ್ಣು ಹಪ್ಪಳದಂತೆ ಗಟ್ಟಿಯಾಗುತ್ತದೆ. ಆಮೇಲೆ ನೀರು ಇಂಗುವುದಿಲ್ಲ. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಈ ಅಪಾಯ ಕಡಿಮೆ. ವಿಜಯಪುರ, ಗದಗ, ಕಲಬುರಗಿ ಕಡೆಯ ಕಪ್ಪು ಎರೆಮಣ್ಣಿನಲ್ಲಿ ಜೇಡಿ ಹೆಚ್ಚಾದ್ದರಿಂದ ಅಪಾಯವೂ ಹೆಚ್ಚು. ಜೋರು ಮಳೆಯಾಗುವ ಊರುಗಳಲ್ಲಿ ಮಳೆಗಾಲವೇ ಈ ಲವಣವನ್ನು ತೊಳೆದು ಕೆಳಕ್ಕೆ ಕಳಿಸುತ್ತದೆ. ಮಳೆ ಕಡಿಮೆ ಇರುವಲ್ಲಿ ಅದು ಅಲ್ಲೇ ಕೂರುತ್ತದೆ.

ಇದಕ್ಕೆ ಉಪಾಯ ಕಷ್ಟದ್ದಲ್ಲ. ಸ್ನಾನದ ನೀರಿನಲ್ಲಿ ಸಾಬೂನು ಬಹಳ ತೆಳುವಾಗಿರುತ್ತದೆ, ಅದನ್ನು ಗಿಡಕ್ಕೆ ಬಿಡಿ. ಬಟ್ಟೆ ನೆನೆಸಿ ಹಿಂಡಿದ ಮೊದಲ ನೀರನ್ನು ಬೇಡ ಎನ್ನಿ. ಅದು ಚರಂಡಿಗೇ ಹೋಗಲಿ. ಜಾಲಿಸಿದ ಕೊನೆಯ ನೀರು ಸಾಕಷ್ಟು ತಿಳಿಯಾಗಿರುತ್ತದೆ, ಅದು ಬೇಕು. ಯಾವುದು ಬೇಕು ಯಾವುದು ಬೇಡ ಎಂದು ತಿಳಿಯಲು ನಿಮ್ಮ ಅಡುಗೆಮನೆಯಲ್ಲೇ ಒಂದು ಸೂಚಕ ಇದೆ. ಅರಿಸಿನವನ್ನು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಹಚ್ಚಿ ಒಣಗಿಸಿ, ಪಟ್ಟಿಗಳಾಗಿ ಕತ್ತರಿಸಿಕೊಳ್ಳಿ. ನೀರಿನಲ್ಲಿ ಅದ್ದಿದಾಗ ಹಳದಿ ಪಟ್ಟಿ ಕೆಂಪಾದರೆ ಆ ನೀರು ಪ್ರತ್ಯಾಮ್ಲೀಯ. ಗಾಢ ಕೆಂಪಾಗಿಸುವ ನೀರು ಗಿಡಕ್ಕೆ ಬೇಡ. ಫಿನಾಯಿಲ್, ಬ್ಲೀಚಿಂಗ್ ಪುಡಿ, ಆಸಿಡ್ ಹಾಕಿ ಬಚ್ಚಲು ತೊಳೆದ ದಿನದ ನೀರಂತೂ ಬೇಡವೇ ಬೇಡ. ಅದು ಗಿಡಕ್ಕಿಂತ ಮೊದಲು ಮಣ್ಣಿನ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತದೆ. ಕೆಲಸಗಾರರನ್ನೇ ಕೊಂದ ಮೇಲೆ ಕೆಲಸ ಮಾಡುವವರು ಯಾರು?

ಎರಡನೆಯ ಆಕ್ಷೇಪಣೆ ಸೊಳ್ಳೆಯದು. ಇಲ್ಲಿ ನಾನು ಸ್ವಲ್ಪ ಜಗಳವಾಡುತ್ತೇನೆ. ಸೊಳ್ಳೆ ಹುಟ್ಟುವುದು ಗಿಡದಿಂದಲ್ಲ, ನಿಂತ ನೀರಿನಿಂದ. ಮೊಟ್ಟೆ ಮರಿಯಾಗಿ, ಮರಿ ಕೋಶವಾಗಿ, ರೆಕ್ಕೆ ಬಂದು ಹಾರಲು ಅದಕ್ಕೆ ಸುಮಾರು ಏಳರಿಂದ ಹತ್ತು ದಿನ ನೀರು ಬೇಕು. ಒಂದೆರಡು ಗಂಟೆಯಲ್ಲಿ ಮಣ್ಣಿಗೆ ಇಂಗುವ ನೀರಿನಲ್ಲಿ ಯಾವ ಸೊಳ್ಳೆಯೂ ಸಂಸಾರ ಹೂಡಲಾರದು. ಅದೇ ನೀರನ್ನು ಚರಂಡಿಗೆ ಬಿಟ್ಟು, ಆ ಚರಂಡಿ ಪ್ಲಾಸ್ಟಿಕ್ ಕವರುಗಳಿಂದ ಕಟ್ಟಿಕೊಂಡರೆ ಕ್ಯೂಲೆಕ್ಸ್ ಸೊಳ್ಳೆಗೆ ಅರಮನೆ ಸಿಕ್ಕಂತೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳನ್ನು ಕಾಡಿದ ಆನೆಕಾಲು ರೋಗವನ್ನು ಹರಡುವುದು ಈ ಸೊಳ್ಳೆಯೇ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ರೀತಿ ಬೇರೆ, ಅದಕ್ಕೆ ತಿಳಿನೀರೇ ಇಷ್ಟ. ಹೂಕುಂಡದ ಕೆಳಗಿನ ತಟ್ಟೆ, ಹಳೆಯ ಟೈರು, ಒಡೆದ ಕರಟದಲ್ಲಿ ಅದು ಇರುತ್ತದೆ. ಆದ್ದರಿಂದ ಹಿತ್ತಲಿನವರು ಕಾವಲು ಕಾಯಬೇಕಾದದ್ದು ಈ ತಟ್ಟೆ, ಕರಟಗಳನ್ನು.

"ಹಿತ್ತಲಲ್ಲಿ ಗಿಡ ಬೆಳೆದರೆ ಹಾವು ಬರುತ್ತದೆ" ಎಂಬ ಭಯವನ್ನು ಮಾತ್ರ ನಾನು ಹಗುರವಾಗಿ ಕಾಣುವುದಿಲ್ಲ. ಹಾವು ಬರುವುದು ಇಲಿ, ಕಪ್ಪೆಗಾಗಿ. ಬಾಳೆಯ ಒಣ ಎಲೆ ಬುಡದಲ್ಲಿ ರಾಶಿ ಬಿದ್ದಿದ್ದರೆ, ಹಳೆಯ ಸೌದೆ, ಇಟ್ಟಿಗೆ ಅಲ್ಲೇ ಪೇರಿಸಿದ್ದರೆ ಅದಕ್ಕೆ ಅಡಗಲು ಜಾಗವಾಗುತ್ತದೆ. ಒಣಗಿದ ಎಲೆಯನ್ನು ಕೊಯ್ದು, ಗಿಡಗಳ ನಡುವೆ ಕಾಣುವಂತೆ ಜಾಗ ಬಿಡಿ. ಕತ್ತಲಾದ ಮೇಲೆ ಬ್ಯಾಟರಿ ಇಲ್ಲದೆ, ಚಪ್ಪಲಿ ಇಲ್ಲದೆ ಹಿತ್ತಲಿಗೆ ಕಾಲಿಡಬೇಡಿ.

ಇನ್ನು ಅಸಹ್ಯದ ಮಾತು. "ಮೈ ತೊಳೆದ ನೀರಿನಲ್ಲಿ ಬೆಳೆದದ್ದನ್ನು ತಿನ್ನುವುದೇ?" ಎಂದು ಮೂಗು ಮುರಿಯುವವರಿಗೆ ನನ್ನದೊಂದು ಪ್ರಶ್ನೆ. ಪೇಟೆಯ ಪಕ್ಕದಲ್ಲಿ ಬೆಳೆದು ಸಂತೆಗೆ ಬರುವ ಸೊಪ್ಪು ಯಾವ ನೀರಿನಲ್ಲಿ ಬೆಳೆದದ್ದೆಂದು ನಿಮಗೆ ಗೊತ್ತೇ? ನಿಮ್ಮ ಬಚ್ಚಲ ನೀರಿನಲ್ಲಿ ಏನಿದೆ ಎಂಬುದಾದರೂ ನಿಮಗೆ ಗೊತ್ತು. ಆದರೂ ಒಂದು ಎಚ್ಚರಿಕೆ ಬೇಕೇ ಬೇಕು. ಮೈ ತೊಳೆದ ನೀರಿನಲ್ಲಿ ರೋಗಾಣುಗಳು ಇರಬಹುದು. ಆದ್ದರಿಂದ ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನ, ಮಣ್ಣಿನೊಳಗೇ ಬೆಳೆಯುವ ಮೂಲಂಗಿ, ಕ್ಯಾರೆಟ್ ಇವುಗಳಿಗೆ ಈ ನೀರು ಬೇಡ. ಇವುಗಳಿಗೆ ತರಕಾರಿ ತೊಳೆದ ನೀರು ಕೊಡಿ. ಅಕ್ಕಿ ತೊಳೆದ ನೀರೂ ಆಗುತ್ತದೆ, ಆದರೆ ಮನೆಯಲ್ಲಿ ಎಮ್ಮೆಯೋ ಹಸುವೋ ಇದ್ದರೆ ಅದು ಕಲಗಚ್ಚಿಗೆ ಹೋಗಲಿ, ಕೊತ್ತಂಬರಿಗಿಂತ ಅದರ ಹಕ್ಕು ದೊಡ್ಡದು. ಬಾಳೆ, ಪಪ್ಪಾಯಿ, ತೆಂಗು, ನುಗ್ಗೆ ಮೇಲೆ ಕಾಯಿ ಬಿಡುವ ಗಿಡಗಳು, ಮಣ್ಣಿನ ನೀರು ಕಾಯಿಯನ್ನು ಮುಟ್ಟುವುದಿಲ್ಲ. ನೀರನ್ನು ಬುಡಕ್ಕೆ ಬಿಡಬೇಕೇ ಹೊರತು ಎಲೆಯ ಮೇಲೆ ಎರಚಬಾರದು. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಇದ್ದಾಗ, ಪುಟ್ಟ ಮಗುವಿನ ಹೇಸಿಗೆ ಬಟ್ಟೆ ಒಗೆದಾಗ ಆ ನೀರು ಹಿತ್ತಲಿಗೆ ಬೇಡ. ಶೌಚಾಲಯದ ನೀರಿನ ಮಾತೇ ಬೇರೆ, ಅದನ್ನು ಇದರ ಜೊತೆ ಸೇರಿಸಲೇಬಾರದು. ಕುಡಿಯುವ ನೀರಿನ ಬಾವಿ, ಕೊಳವೆಬಾವಿ ಇದ್ದರೆ ಅದರಿಂದ ಹತ್ತು ಹದಿನೈದು ಮೀಟರ್ ದೂರದಲ್ಲಿ ಈ ನೀರು ಇಂಗಲಿ.

ನೀರನ್ನು ಗಿಡಕ್ಕೆ ಮುಟ್ಟಿಸುವುದು ಹೇಗೆ? ಗದ್ದೆಯಲ್ಲಿ, ತೋಟದಲ್ಲಿ ಅಪ್ಪ ನೀರು ತಿರುವುವುದನ್ನು ನೋಡಿದ್ದೀರಲ್ಲ, ಹಾಗೆಯೇ. ಬಚ್ಚಲ ನೀರು ಹೊರಬರುವ ಕಡೆಯಿಂದ ಮೂರು ನಾಲ್ಕು ಸಣ್ಣ ಕಾಲುವೆ ತೋಡಿ, ಒಂದೊಂದು ಕಾಲುವೆ ಒಂದೊಂದು ಪಾತಿಗೆ ಹೋಗಲಿ. ಇವತ್ತು ಒಂದನ್ನು ಬಿಟ್ಟು ಉಳಿದವುಗಳ ಬಾಯಿಗೆ ಕಲ್ಲು ಇಡಿ, ನಾಳೆ ಕಲ್ಲು ಬದಲಿಸಿ. ಹೀಗೆ ಸರದಿ ಬಂದರೆ ಪ್ರತಿ ಬೇರಿಗೂ ನಡುವೆ ಎರಡು ಮೂರು ದಿನ ಉಸಿರಾಡಲು ಬಿಡುವು. ಪಾತಿಯ ಮೇಲೆ ನಾಲ್ಕು ಬೆರಳು ದಪ್ಪ ತರಗೆಲೆ ಹರಡಿ. ತೆಂಗಿನ ಸಿಪ್ಪೆಯೂ ಆಗುತ್ತದೆ, ಆದರೆ ನೀರು ನಿಲ್ಲದಂತೆ ಬೋರಲು ಹಾಕಬೇಕು. ಬಿಸಿಲಿಗೆ ನೀರು ಆರುವುದು ಕಡಿಮೆಯಾಗುತ್ತದೆ, ಸಾಬೂನಿನ ಜಿಡ್ಡು ಅಲ್ಲೇ ಸಿಕ್ಕಿಕೊಂಡು ಕೊಳೆಯುತ್ತದೆ. ಕಲ್ಲು ಬದಲಿಸುವುದು ದಿನಕ್ಕೆ ಒಂದು ನಿಮಿಷದ ಕೆಲಸ. ಅದನ್ನು ಮನೆಯ ಹುಡುಗಿಯೇ ಮಾಡಬೇಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಸರದಿ ಮನುಷ್ಯರಿಗೂ ಇರಲಿ.

ಹಿತ್ತಲಿಗೆ ಪೂರ್ತಿ ಸಿಮೆಂಟ್ ಹಾಕಿಸಿ "ಈಗ ನೀಟಾಯಿತು" ಎನ್ನುವ ಮನೆಗಳು ಹೆಚ್ಚುತ್ತಿವೆ. ಇದು ನನಗೆ ಒಪ್ಪಿಗೆಯಿಲ್ಲ. ಸಿಮೆಂಟಿನ ಕೆಳಗಿನ ಮಣ್ಣಿಗೆ ಬಚ್ಚಲ ನೀರೂ ಇಲ್ಲ, ಮಳೆ ನೀರೂ ಇಲ್ಲ. ಬೇಸಿಗೆಯ ಮಧ್ಯಾಹ್ನ ಅಲ್ಲಿ ಬರಿಗಾಲಿನಲ್ಲಿ ನಿಂತು ನೋಡಿ, ಆಮೇಲೆ ಬಾಳೆಯ ನೆರಳಿನಲ್ಲಿ ನಿಂತು ನೋಡಿ. ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು ಒಂದು ಕಟ್ಟೆ ಬೇಕು, ಓಡಾಡಲು ದಾರಿ ಬೇಕು, ಸರಿ. ಉಳಿದ ಮಣ್ಣನ್ನು ಮಣ್ಣಾಗಿಯೇ ಬಿಡಲು ಏನು ಅಡ್ಡಿ? ಗೋಡೆಗೆ ಗೋಡೆ ತಾಗಿದ ಓಣಿಗಳಲ್ಲಿ ಚರಂಡಿಯೇ ಗತಿ, ಅದನ್ನು ನಾನೂ ಒಪ್ಪುತ್ತೇನೆ. ಅಂಥ ಮನೆಯ ಮಕ್ಕಳು ಜಾಲಿಸಿದ ಕೊನೆಯ ನೀರನ್ನು ಒಂದು ಬಕೆಟಿನಲ್ಲಿ ಹಿಡಿದು ಬಾಗಿಲ ಮುಂದಿನ ಎರಡು ಕುಂಡಗಳಿಗೆ ಹಾಕಬಹುದು. ಹಿಡಿದ ನೀರನ್ನು ಅಂದೇ ಖರ್ಚು ಮಾಡಿ, ಮರುದಿನಕ್ಕೆ ಇಟ್ಟರೆ ನಾರುತ್ತದೆ.

ನಾನು ಹೇಳಿದ್ದೇ ಸರಿ ಎಂದು ನಂಬಬೇಕಾಗಿಲ್ಲ, ಪರೀಕ್ಷಿಸಿ ನೋಡಿ. ನಾಲ್ಕು ತೆಂಗಿನ ಕರಟಗಳ ತಳಕ್ಕೆ ತೂತು ಮಾಡಿ ಒಂದೇ ಮಣ್ಣನ್ನು ಸಮನಾಗಿ ತುಂಬಿ. ಒಂದೊಂದಕ್ಕೆ ಹತ್ತು ಮೆಂತ್ಯದ ಕಾಳು ಹಾಕಿ. ಮೊದಲನೆಯದಕ್ಕೆ ನಲ್ಲಿ ನೀರು, ಎರಡನೆಯದಕ್ಕೆ ಸ್ನಾನದ ನೀರು, ಮೂರನೆಯದಕ್ಕೆ ಬಟ್ಟೆ ಜಾಲಿಸಿದ ಕೊನೆಯ ನೀರು, ನಾಲ್ಕನೆಯದಕ್ಕೆ ಬಟ್ಟೆ ನೆನೆಸಿದ ಮೊದಲ ನೀರು. ದಿನವೂ ಒಂದೇ ಹೊತ್ತಿಗೆ, ಒಂದೇ ಅಳತೆಯಲ್ಲಿ ಹಾಕಬೇಕು. ನಾಲ್ಕೂ ಕರಟಗಳು ಒಂದೇ ಕಡೆ, ಒಂದೇ ಬಿಸಿಲಿನಲ್ಲಿರಲಿ. ಎಷ್ಟು ಕಾಳು ಮೊಳೆತವು, ಹದಿನೈದನೆಯ ದಿನ ಸಸಿ ಎಷ್ಟು ಸೆಂಟಿಮೀಟರ್ ಎತ್ತರ, ಎಲೆಯ ಬಣ್ಣ ಹೇಗಿದೆ, ಮೇಲಿನ ಮಣ್ಣು ಸಡಿಲವೋ ಗಟ್ಟಿಯೋ ಎಲ್ಲವನ್ನೂ ಪಟ್ಟಿ ಮಾಡಿ. ಉತ್ತರವನ್ನು ನಾನು ಮೊದಲೇ ಹೇಳಿದರೆ ನೀವು ಕರಟವನ್ನು ನೋಡುವುದಿಲ್ಲ, ನನ್ನ ಉತ್ತರವನ್ನೇ ನೋಡುತ್ತೀರಿ. ನಿಮ್ಮ ಮಣ್ಣು ಕೆಂಪೋ ಕಪ್ಪೋ, ನೀರು ಕೆರೆಯದೋ ಕೊಳವೆಬಾವಿಯದೋ ಎಂಬುದನ್ನು ಪಟ್ಟಿಯ ಮೇಲ್ಗಡೆ ಬರೆಯಲು ಮರೆಯಬೇಡಿ. ಪಕ್ಕದ ತಾಲ್ಲೂಕಿನ ಶಾಲೆಯವರ ಪಟ್ಟಿ ನಿಮ್ಮದಕ್ಕಿಂತ ಬೇರೆಯಾಗಿ ಬಂದರೆ ಕಾರಣ ಹುಡುಕಲು ಬೇಕಾಗುವುದು ಆ ಎರಡು ಸಾಲುಗಳೇ.